ಎಂಟನೇ ಮಹಡಿಯ ಹೆಜ್ಜೇನು

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಭೆಯಲ್ಲಿ ಏಪ್ರಿಲ್ ಕೊನೆಯ ಭಾನುವಾರ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದ ಹಿಂದೆ ನಿಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ಜೇನು ತೆಗೀತೀರಂತೆ, ಎಷ್ಟಾಗುತ್ತೆ ಸಾರ್?" ಅಂದರು. ಯಾವ ಜೇನು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೇನು ಸಾರ್, ಜೇನು" ಅಂದರು. ಆಮೇಲೆ ಫೋಟೊ ಕಳಿಸಿದರು. ನೋಡಿದ ಮೇಲೆ ನಾನೇ ಕೇಳಿಕೊಂಡೆ, ರೇಟು ಹೇಳುವ ಮುಂಚೆ ನನಗೆ ಅರ್ಧ ಗಂಟೆ ಮಾತಾಡೋಕೆ ಬಿಡಿ ಅಂತ.

ನಾನು ಶಿರಸಿ ಕಡೆಯವನು. ಅಡಿಕೆ ತೋಟದಲ್ಲಿ ಅಪ್ಪನ ಪೆಟ್ಟಿಗೆ ಜೇನು ನೋಡಿಕೊಂಡು ಬೆಳೆದವನು. ಈ ಊರಲ್ಲಿ ಜೇನು ಬಿಡಿಸುವುದೇ ಹೊಟ್ಟೆಪಾಡು. ಆದರೂ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಕರೆಗೆ ನನ್ನ ಉತ್ತರ ಒಂದೇ: ಮುಟ್ಟಬೇಡಿ, ಕಾಯಿರಿ. ಹೆಂಡತಿ ಬೈಯುತ್ತಾಳೆ, ಅದು ಬೇರೆ ಮಾತು.

ನಮ್ಮ ಕಟ್ಟಡಗಳಿಗೆ ಬರುವುದು ನಾಲ್ಕು ಬಗೆಯ ಜೇನು. ಗೋಡೆಯ ಬಿರುಕಿನಲ್ಲಿ, ಸ್ವಿಚ್ ಬೋರ್ಡಿನ ಹಿಂದೆ ಅಂಟಿನಂಥ ಒಂದು ಸಣ್ಣ ಕೊಳವೆ ಹೊರಗೆ ಚಾಚಿದೆ, ಇರುವೆ ಗಾತ್ರದ ಕಪ್ಪು ಹುಳುಗಳು ಓಡಾಡುತ್ತಿವೆ ಅಂದರೆ ಅದು ಮುಜಂಟಿ, ನಸರಿ ಅಂತಲೂ ಕರೆಯುತ್ತಾರೆ. ಅದಕ್ಕೆ ಕುಟುಕುವ ಮುಳ್ಳೇ ಇಲ್ಲ. ಅದನ್ನು ತೆಗೆಸಲು ದುಡ್ಡು ಕೊಡುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಬಾಲ್ಕನಿಯ ದಾಸವಾಳದ ಕಡ್ಡಿಗೆ ಅಂಗೈ ಅಗಲದ ಒಂದೇ ಎರಿ, ಅಂದರೆ ಮೇಣದ ಹಲ್ಲೆ, ಕಟ್ಟುವುದು ಕೋಲುಜೇನು. ತೀರಾ ತೊಂದರೆಯಾದರೆ ಸಂಜೆ ಹೊತ್ತು ಆ ಕೊಂಬೆಯನ್ನೇ ಕತ್ತರಿಸಿ ಬೇರೆ ಗಿಡಕ್ಕೆ ಕಟ್ಟಿದರಾಯಿತು. ಇನ್ನುಳಿದವು ತುಡುವೆ ಮತ್ತು ಹೆಜ್ಜೇನು. ಅವುಗಳ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ಒಂದು ಮಾತು: ಮರದಲ್ಲೋ ಗೇಟಿನಲ್ಲೋ ಎರಿಯೇ ಇಲ್ಲದೆ ಬರೀ ನೊಣಗಳ ಗೊಂಚಲು ನೇತಾಡುತ್ತಿದ್ದರೆ, ಅದು ಪಾಲಾಗಿ ಹೊರಟ ಕುಟುಂಬ. ಮನೆ ಹುಡುಕುತ್ತಾ ಸುಧಾರಿಸಿಕೊಳ್ಳುತ್ತಿರುತ್ತದೆ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ತಾನೇ ಎದ್ದು ಹೋಗುತ್ತದೆ.

ತುಡುವೆ ಕತ್ತಲೆ ಬೇಡುವ ಜೇನು. ಮರದ ಪೊಟರೆ, ಹುತ್ತ ಇದ್ದ ಜಾಗದಲ್ಲಿ ಈಗ ನಮ್ಮ ಮೀಟರ್ ಬಾಕ್ಸು, ಪೈಪ್ ಡಕ್ಟು, ಫಾಲ್ಸ್ ಸೀಲಿಂಗ್. ಇದನ್ನು ಪೂರ್ತಿ ಜೀವಂತವಾಗಿ ತೆಗೆಯಬಹುದು. ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಹೇಗೆ ಅಂತ ಗೊತ್ತಿದ್ದರೆ ಬಂದವನು ಕೆಲಸಗಾರನೋ ಅಲ್ಲವೋ ನಿಮಗೇ ತಿಳಿಯುತ್ತದೆ.

ಮಲ್ಲೇಶ್ವರದಲ್ಲಿ ಒಂದು ಹಳೇ ಹೆಂಚಿನ ಮನೆ, ಅದರ ಮೀಟರ್ ಬಾಕ್ಸಿನಲ್ಲಿ ತುಡುವೆ. ಅಜ್ಜಿ ಒಬ್ಬರೇ. ಬಾಗಿಲಲ್ಲೇ ನಿಲ್ಲಿಸಿ, "ಕೊಲ್ಲೋದಾದ್ರೆ ಒಳಗೆ ಬರಬೇಡಪ್ಪ" ಅಂದರು. ಲೈನ್‌ಮನ್‌ನನ್ನು ಕರೆಸಿ ಕರೆಂಟು ತೆಗೆಸಿದೆ. ನಾಲ್ಕೂವರೆ ಹೊತ್ತಿಗೆ ತೆಂಗಿನ ನಾರಿನ ಹೊಗೆ ಎರಡು ಸಲ ಊದಿದೆ, ಅಷ್ಟೇ. ಹೊಗೆ ಕಂಡರೆ ನೊಣಗಳು ಬೆಂಕಿ ಬಿತ್ತು ಅಂತಲೇ ಜೇನು ಕುಡಿಯಲು ಶುರುಮಾಡುತ್ತವೆ, ಹೊಟ್ಟೆ ತುಂಬಿದ ಮೇಲೆ ಕಚ್ಚುವ ಉಮೇದು ಇರುವುದಿಲ್ಲ. ಬಾಕ್ಸಿನ ಬಾಗಿಲು ತೆಗೆದರೆ ಏಳು ಎರಿ, ಪುಸ್ತಕದ ಹಾಳೆಗಳ ಹಾಗೆ ಒಂದರ ಪಕ್ಕ ಒಂದು. ಅಂಚಿನವು ಜೇನು ತುಂಬಿದವು, ನಡುವಿನವು ಮರಿಗಳಿರುವವು. ಒಂದೊಂದನ್ನೇ ಚಾಕುವಿನಿಂದ ಬಿಡಿಸಿ, ಮರಿ ಇದ್ದ ಭಾಗವನ್ನು ಪೆಟ್ಟಿಗೆಯ ಚೌಕಟ್ಟಿಗೆ ಹೊಂದಿಸಿ ಬಾಳೆ ನಾರಿನಿಂದ ಕಟ್ಟಿದೆ. ಇಲ್ಲೊಂದು ಎಚ್ಚರ: ಎರಿ ತಲೆಕೆಳಗಾಗಕೂಡದು. ಜೇನಿನ ಭಾಗ ಅಜ್ಜಿಯ ಸ್ಟೀಲ್ ಬೋಗುಣಿಗೆ ಹೋಯಿತು. ರಾಣಿ ಸಿಕ್ಕಿದ್ದು ಐದನೇ ಎರಿಯ ಹಿಂದೆ. ಉದ್ದ ಹೊಟ್ಟೆ, ನಡಿಗೆಯಲ್ಲೇ ಗುರುತು ಸಿಗುತ್ತದೆ. ಅದನ್ನು ಸಣ್ಣ ಜಾಲರಿ ಡಬ್ಬಿಯಲ್ಲಿ ಹಿಡಿದು ಪೆಟ್ಟಿಗೆಯೊಳಗಿಟ್ಟೆ. ಐದೇ ನಿಮಿಷ. ಪೆಟ್ಟಿಗೆಯ ಬಾಗಿಲಲ್ಲಿ ಹತ್ತಿಪ್ಪತ್ತು ನೊಣಗಳು ಬಾಲ ಎತ್ತಿ ರೆಕ್ಕೆ ಬೀಸಿ, "ಇಲ್ಲಿದೀವಿ ಬನ್ನಿ" ಅಂತ ವಾಸನೆ ಹರಡತೊಡಗಿದವು. ಗೋಡೆಗಂಟಿದ್ದ ನೊಣಗಳೆಲ್ಲ ಮೆರವಣಿಗೆ ಹೊರಟವು. ಅಜ್ಜಿ ಕುರ್ಚಿ ತಂದು ಹಾಕಿಕೊಂಡು ನೋಡಿದರು.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಹೂವಿಗೆ ಹೋದ ನೊಣಗಳು ಮರಳಬೇಕು, ಕತ್ತಲಾಗುವ ತನಕ ಪೆಟ್ಟಿಗೆ ಅಲ್ಲೇ ಇರಬೇಕು. ಏಳೂವರೆಗೆ ಬಾಗಿಲಿಗೆ ಬಟ್ಟೆ ತುರುಕಿ ಊರ ಹೊರಗಿನ ತೋಟಕ್ಕೆ ಒಯ್ದೆ. ಮೂರು ಕಿಲೋಮೀಟರಿಗಿಂತ ಹತ್ತಿರ ಇಟ್ಟರೆ ಬೆಳಿಗ್ಗೆ ದುಡಿಯುವ ನೊಣಗಳು ಹಳೇ ವಿಳಾಸಕ್ಕೇ ಹೊರಟುಬಿಡುತ್ತವೆ. ಮರುದಿನ ಮತ್ತೆ ಅಜ್ಜಿಯ ಮನೆಗೆ ಬಂದು ಮೀಟರ್ ಬಾಕ್ಸಿನ ಮೇಣ ಕೆರೆದು, ತೊಳೆದು, ತೂತಿಗೆ ಸಿಮೆಂಟು ಹಾಕಿದೆ. ಈ ಕೊನೆಯ ಪಾಠ ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಮೊದಲ ವರ್ಷ ಒಂದು ಮನೆಯಲ್ಲಿ ತೂತು ಹಾಗೇ ಬಿಟ್ಟು ಬಂದಿದ್ದೆ. ಮೇಣದ ವಾಸನೆ ಹಿಡಿದು ಎರಡು ತಿಂಗಳಿಗೆ ಇನ್ನೊಂದು ಕುಟುಂಬ ಬಂದು ಕೂತಿತ್ತು. ಯಜಮಾನರ ಮಾತು ಇಲ್ಲಿ ಹೇಳುವ ಹಾಗಿಲ್ಲ. ಬಿಟ್ಟಿಯಾಗಿ ಎರಡನೇ ಸಲ ತೆಗೆದೆ.

ಇಷ್ಟೆಲ್ಲ ಯಾಕೆ, ಔಷಧಿ ಹೊಡೆದರೆ ಹತ್ತು ನಿಮಿಷದ ಕೆಲಸ ಅಂತ ನಿಮ್ಮಲ್ಲಿ ಯಾರೋ ಅಂದುಕೊಳ್ಳುತ್ತಿರಬಹುದು. ನೊಣ ಸತ್ತ ಮೇಲೆ ಗೋಡೆಯೊಳಗೆ ಉಳಿಯುವುದೇನು ಅಂತ ಯೋಚನೆ ಮಾಡಿ. ಕೆಲವು ಕಿಲೋ ಜೇನು, ಕೊಳೆಯುವ ಮರಿಗಳು, ರೆಕ್ಕೆ ಬೀಸಿ ತಂಪು ಕಾಯಲು ಯಾರೂ ಇಲ್ಲದ ಎರಿ. ಬೇಸಿಗೆಗೆ ಮೇಣ ಮೆತ್ತಗಾಗಿ, ಜೇನು ಹುಳಿತು ಪ್ಲಾಸ್ಟರಿನಿಂದ ಜಿನುಗುತ್ತದೆ. ಇರುವೆ, ಜಿರಳೆ, ಮೇಣದ ಹುಳು ಸಾಲಾಗಿ ಬರುತ್ತವೆ. ಅದಕ್ಕಿಂತ ಕೆಟ್ಟದ್ದು, ಸುತ್ತಲಿನ ಬೇರೆ ಗೂಡಿನ ನೊಣಗಳು ಆ ವಿಷದ ಜೇನನ್ನು ಕದ್ದು ತಮ್ಮ ಮರಿಗಳಿಗೆ ಒಯ್ಯುತ್ತವೆ. ಒಂದು ಗೂಡಿಗೆ ಹೊಡೆದದ್ದು ಎಷ್ಟು ಗೂಡಿಗೆ ತಲುಪಿತು ಅಂತ ಲೆಕ್ಕ ಇಡುವವರಿಲ್ಲ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳೆಲ್ಲ ಖಾಲಿಯಾದಂತಾಗಿತ್ತು. ನಮ್ಮ ಅಪ್ಪನ ಪೆಟ್ಟಿಗೆಗಳೂ. ಆಮೇಲೆ ಮತ್ತೆ ತುಂಬಿಕೊಂಡದ್ದು ಪೊಟರೆ ಗೋಡೆಗಳಲ್ಲಿ ಬದುಕುಳಿದ ಕಾಡು ಕುಟುಂಬಗಳಿಂದ. ಹಾಗಾಗಿ ಮೀಟರ್ ಬಾಕ್ಸಿನ ಜೇನೆಂದರೆ ನನಗೆ ಬಿತ್ತನೆ ಬೀಜ ಇದ್ದ ಹಾಗೆ.

ಈಗ ನಿಮ್ಮ ಬಿ ಬ್ಲಾಕು. ಎಂಟನೇ ಮಹಡಿಯ ಸಜ್ಜಾದ ಕೆಳಗೆ ಮೂರಡಿ ಅಗಲದ ಒಂದೇ ಎರಿ, ಬಯಲಲ್ಲೇ. ಹೆಜ್ಜೇನು. ಇದು ಪೆಟ್ಟಿಗೆಗೆ ಒಗ್ಗದ ಜೇನು. "ಹೆಜ್ಜೇನನ್ನು ಜೀವಂತ ಸ್ಥಳಾಂತರ ಮಾಡ್ತೀವಿ" ಅಂತ ಯಾರಾದರೂ ಕಾರ್ಡು ಕೊಟ್ಟರೆ, ಎಲ್ಲಿಗೆ ಅಂತ ಕೇಳಿ. ಸಾಮಾನ್ಯವಾಗಿ ಅವರು ಮಾಡುವುದು ರಾತ್ರಿ ಹೊಗೆ ಹಾಕಿ ಓಡಿಸಿ, ಮರಿಗಳ ಸಮೇತ ಎರಿ ಕೊಯ್ಯುವುದು. ಮರುದಿನ ಬೆಳಿಗ್ಗೆ ಮನೆಯಿಲ್ಲದ ಸಾವಿರಾರು ನೊಣಗಳು ಅದೇ ಜಾಗದ ಸುತ್ತ, ಸಿಟ್ಟಿನಲ್ಲಿ. ಶಾಲೆ, ಆಸ್ಪತ್ರೆ, ಮಕ್ಕಳ ಕೈಗೆಟಕುವ ಎತ್ತರ, ಇಂಥಲ್ಲಿ ಅದನ್ನೂ ಮಾಡಲೇಬೇಕಾಗುತ್ತದೆ, ನಾನೂ ಮಾಡಿದ್ದೇನೆ. ಆದರೆ ಅದನ್ನು ಸಂರಕ್ಷಣೆ ಅಂತ ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ನಿಮ್ಮ ದೂರುಗಳ ಪಟ್ಟಿ ಓದಿದೆ. ರಾತ್ರಿ ನೊಣಗಳು ಮನೆಯೊಳಗೆ ಬೀಳುತ್ತವೆ: ಹೆಜ್ಜೇನು ಬೆಳದಿಂಗಳಲ್ಲೂ ಹಾರುವ ಜಾತಿ, ನಿಮ್ಮ ಟ್ಯೂಬ್‌ಲೈಟಿಗೆ ಮರುಳಾಗಿ ಬರುತ್ತದೆ. ಆ ಕಡೆಯ ಬಾಲ್ಕನಿ ದೀಪ ಆರಿಸಿ, ಪರದೆ ಎಳೆಯಿರಿ. ಬೆಳಿಗ್ಗೆ ಬರಿಗಾಲಲ್ಲಿ ನಡೆಯಬೇಡಿ. ಕಾರುಗಳ ಮೇಲೆ ಹಳದಿ ಚುಕ್ಕೆ: ಅದು ಹೆಜ್ಜೇನಿನ ಹಿಕ್ಕೆ, ಗುಂಪಾಗಿ ಹಾರಿ ಮುಗಿಸಿಕೊಂಡು ಬರುತ್ತವೆ. ಬೇಜಾರಾಗಬೇಡಿ, ಇದೇ ಚುಕ್ಕೆ ಅಮೆರಿಕಾ ಸರ್ಕಾರವನ್ನೇ ಮೂರ್ಖರನ್ನಾಗಿಸಿದೆ. 1981ರಲ್ಲಿ ಲಾವೋಸ್ ಕಡೆ ಬಿದ್ದ "ಹಳದಿ ಮಳೆ" ಸೋವಿಯತ್ತಿನ ವಿಷಾಸ್ತ್ರ ಅಂತ ಅವರು ಜಗತ್ತಿಗೆಲ್ಲ ಸಾರಿದರು. ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೊತೆಗಾರರು ಥಾಯ್ಲೆಂಡಿನ ಕಾಡಿಗೆ ಹೋಗಿ ತಾವೇ ಆ ಮಳೆಯಲ್ಲಿ ನಿಂತು ಬಂದರು. ಜೇನಿನ ಹಿಕ್ಕೆ!

ಕಚ್ಚುವ ಭಯ ಸುಳ್ಳಲ್ಲ. ಕಲ್ಲು, ಪಟಾಕಿ, ಹೊಗೆ, ಡ್ರೋನು ಇವೇನೂ ಬೇಡ. ಎದ್ದುಬಿಟ್ಟರೆ ಕೈ ಬೀಸದೆ ಓಡಿ, ಬಾಗಿಲು ಹಾಕಿಕೊಳ್ಳುವ ಕೋಣೆಗೋ ಕಾರಿಗೋ ಸೇರಿಕೊಳ್ಳಿ. ಮುಳ್ಳನ್ನು ಹೇಗಾದರೂ ಸರಿ, ತಕ್ಷಣ ಕಿತ್ತು ಹಾಕಿ; ತಡಮಾಡಿದಷ್ಟೂ ವಿಷ ಇಳಿಯುತ್ತಲೇ ಇರುತ್ತದೆ. ಉಸಿರು ಕಟ್ಟಿದರೆ, ಮುಖ ನಾಲಿಗೆ ಊದಿದರೆ ಒಂದೇ ಮುಳ್ಳಾದರೂ ನೇರ ಆಸ್ಪತ್ರೆಗೆ.

ಈ ನೊಣಗಳು ಏನು ಮಾಡುತ್ತವೆ ಅಂತ ತಿಳಿಯಲು ಕೊಡಗಿಗೆ ಹೋಗಬೇಕು. ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದ ಗಿಡದ್ದು ಬೇಕು. ಹೂಮಳೆ, ಅಂದರೆ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ತೋಟ ಬೆಳ್ಳಗಾಗುವ ಆ ಕೆಲವೇ ದಿನ ಹೆಜ್ಜೇನು ದೂರದಿಂದ ಬಂದು ದುಡಿಯುತ್ತದೆ. ಅಷ್ಟು ದೂರ ಯಾಕೆ, ನಿಮ್ಮ ಟೆರೇಸಿನ ಕುಂಬಳ, ಸೌತೆಯಲ್ಲಿ ಗಂಡು ಹೂವೇ ಬೇರೆ ಹೆಣ್ಣು ಹೂವೇ ಬೇರೆ. ನಡುವೆ ಓಡಾಡುವವರಿಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ.

ಮೊನ್ನೆ ದುರ್ಬೀನಿನಲ್ಲಿ ನಿಮ್ಮ ಎರಿ ನೋಡಿದೆ. ನೊಣಗಳ ಹೊದಿಕೆ ತೆಳುವಾಗಿ ಕೆಳಗಿನ ಅಂಚಿನಲ್ಲಿ ಮೇಣ ಕಾಣುತ್ತಿದೆ. ಅಂದರೆ ಮರಿಗಳು ಮುಗಿಯುತ್ತಾ ಬಂದಿವೆ, ಹೊರಡುವ ತಯಾರಿ. ಮಳೆ ಹಿಡಿಯುವುದರೊಳಗೆ ಹೋಗಬಹುದು. ಅಲ್ಲಿಯವರೆಗೆ 801 ಮತ್ತು 802ರವರು ಆ ಕಿಟಕಿ ತೆಗೆಯದಿದ್ದರೆ ಸಾಕು. ಖಾಲಿಯಾದ ದಿನ ಫೋನ್ ಮಾಡಿ. ಹಗ್ಗ ಕಟ್ಟಿಕೊಂಡು ಇಳಿದು ಎರಿ ಕೆರೆದು, ಗುರುತು ಉಳಿಯದ ಹಾಗೆ ತೊಳೆದು, ಸಜ್ಜಾದ ಕೆಳಗೆ ನೈಲಾನ್ ಬಲೆ ಬಿಗಿಯುತ್ತೇನೆ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಜಾಗ ಹುಡುಕಿಕೊಂಡು ಬರುತ್ತವೆ. ರೇಟು ಕೇಳಿದ್ದಿರಲ್ಲ ಕಾರ್ಯದರ್ಶಿಗಳೇ, ಆ ಕೆಲಸಕ್ಕೆ ಹೇಳುತ್ತೇನೆ. ಪ್ರಶ್ನೆ ಇದ್ದವರು ಹಿಂದಿನ ಮೇಜಿನ ಹತ್ತಿರ ಬನ್ನಿ, ಖಾಲಿ ಪೆಟ್ಟಿಗೆ ತಂದಿಟ್ಟಿದ್ದೇನೆ, ಮಕ್ಕಳು ಬಿಚ್ಚಿ ನೋಡಬಹುದು.