ಎರಡೇ ಸೀಟಿನ ದಾನ

ಮೊದಲು ಈ ದೀಪಗಳನ್ನು ನೋಡಿಬಿಡಿ. ಗುಂಡಿ ಒತ್ತಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೆ ಏಳುತ್ತವೆ. ಬಲಗಡೆಯದು ಸ್ವಲ್ಪ ತಡ. ವಯಸ್ಸಾಯಿತು, ಅಲ್ವಾ? ಇದು 1996ರ ಮಾಜ್ದಾ ಮಿಯಾಟಾ, ಬಟ್ಟೆಯ ಟಾಪ್ (ಮೇಲ್ಛಾವಣಿ) ಮಡಚಿ ಓಡಿಸಬಹುದಾದ ಪುಟ್ಟ ಕನ್ವರ್ಟಿಬಲ್ ಕಾರು. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ, ಮಿಯಾಟಾದ ಮೊದಲ ತಲೆಮಾರಿನ ಮಾದರಿ. 1997ಕ್ಕೆ ಅದು ನಿಂತಿತು, ಈ ಏಳುವ ದೀಪಗಳೂ ಅದರ ಜೊತೆಗೇ ಹೋದವು.

ಈ ವಿಡಿಯೋ ತೆಗೆದದ್ದು ಏಪ್ರಿಲ್‌ನಲ್ಲಿ, ಗಾಡಿ ನಮ್ಮ ಮನೆಯಲ್ಲಿದ್ದ ಕೊನೆಯ ದಿನ. ಧ್ವನಿ ಕೊಡುತ್ತಿರುವುದು ಈಗ, ಇದನ್ನು ದಾನ ಪಡೆದ ಸಂಸ್ಥೆಯ ಕಾಗದ ಕೈಗೆ ಬಂದ ಮೇಲೆ.

ಎರಡು ವರ್ಷದಿಂದ ಇದು ಹೊದಿಕೆ ಹೊದ್ದು ಮಲಗಿತ್ತು. ಇಷ್ಟು ತಗ್ಗಿನ ಸೀಟಿನಿಂದ ಏಳಲು ನನ್ನ ಬೆನ್ನು ಒಪ್ಪುತ್ತಿರಲಿಲ್ಲ. ಆದರೂ ಇನ್ಶೂರೆನ್ಸ್ ಕಟ್ಟುತ್ತಲೇ ಇದ್ದೆ. ಅಮೆರಿಕದಲ್ಲಿ ಹಳೆ ಕಾರನ್ನು ದಾನ ಕೊಡುವುದು ಮಾಮೂಲಿ. ದಾನ ಪಡೆಯುವ ಸಂಸ್ಥೆಗೆ ಒಂದು ಫೋನ್ ಮಾಡಿದರೆ ಬಂದು ಎಳೆದುಕೊಂಡು ಹೋಗುತ್ತಾರೆ. ಕಾರಿಲ್ಲದ ಯಾರೋ ಇದರಲ್ಲಿ ಕೂತು ಕೆಲಸಕ್ಕೆ ಹೋಗುವುದನ್ನು ನಾನು ಆಗಲೇ ಮನಸ್ಸಿನಲ್ಲಿ ನೋಡಿಬಿಟ್ಟಿದ್ದೆ. ಟಾಪ್ ತೆರೆದಿತ್ತು, ಬಿಸಿಲೂ ಇತ್ತು.

ಸಂಸ್ಥೆಯ ಹೆಂಗಸು ಮೊದಲು ಕೇಳಿದ್ದು, "ಸೀಟು ಎಷ್ಟು?"

"ಎರಡು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ ಮೆಲ್ಲಗೆ ಹೇಳಿದರು. ಅವರ ಹತ್ತಿರ ಕಾರು ಬೇಕೆಂದು ಬರುವವರಲ್ಲಿ ಹೆಚ್ಚಿನವರಿಗೆ ಮಕ್ಕಳಿದ್ದಾರೆ. ಇದರಲ್ಲಿ ಹಿಂದಿನ ಸೀಟೇ ಇಲ್ಲ. ಡಿಕ್ಕಿಯಲ್ಲಿ ಒಂದು ಮೂಲೆಯನ್ನು ಬ್ಯಾಟರಿಯೇ ನುಂಗಿದೆ. ಹಿಮ ಬೀಳುವ ದಿನ ಬಟ್ಟೆಯ ಟಾಪ್ ನಂಬಿ ಹೊರಡುವುದು ಹೇಗೆ? "ಇದನ್ನು ಹರಾಜಿಗೆ ಹಾಕುತ್ತೇವೆ. ಬಂದ ದುಡ್ಡು ನಮ್ಮ ಕೆಲಸಕ್ಕೆ ಹೋಗುತ್ತದೆ" ಅಂದರು. ನನಗೆ ಸ್ವಲ್ಪ ಪಿಚ್ಚೆನಿಸಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಹರಾಜೇ ಆದರೆ ನಾನೇ ಮಾರಿ ದುಡ್ಡು ಕೊಡಬಹುದಲ್ಲ ಅಂತ ನಿಮಗೆ ಅನ್ನಿಸಿರಬಹುದು. ಸರಿಯಾದ ಮಾತು. ಎಷ್ಟೋ ಸಂಸ್ಥೆಗಳ ಪರವಾಗಿ ಗಾಡಿ ಎಳೆಯುವುದು, ಮಾರುವುದು ಎಲ್ಲ ಬೇರೆ ಕಂಪನಿಯೇ ಮಾಡುತ್ತದೆ. ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಪುರುಸೊತ್ತಿದ್ದರೆ ನೀವೇ ಮಾರಿ, ಸಂಸ್ಥೆಗೆ ಜಾಸ್ತಿ ಸೇರುತ್ತದೆ. ನನಗೆ ಪ್ರತಿ ಭಾನುವಾರ ಚೌಕಾಸಿ ಮಾಡುವವರ ಜೊತೆ ಕೂರುವ ತಾಳ್ಮೆ ಇರಲಿಲ್ಲ. ಸೋಮಾರಿತನ ಅನ್ನಿ, ಒಪ್ಪಿಕೊಳ್ಳುತ್ತೇನೆ. ಒಂದು ಕೆಲಸ ಮಾತ್ರ ಮಾಡಿದೆ. ನೂರಕ್ಕೆ ಎಷ್ಟು ನಿಮ್ಮ ಕೈ ಸೇರುತ್ತದೆ ಅಂತ ಬಾಯಿ ಬಿಟ್ಟು ಕೇಳಿದೆ. ಉತ್ತರ ತೇಲಿಸಿದ ಇಬ್ಬರನ್ನು ಬಿಟ್ಟು, ನೇರವಾಗಿ ಹೇಳಿದವರಿಗೆ ಕೊಟ್ಟೆ. ಅವರ ಹೆಸರು ತೆರಿಗೆ ಇಲಾಖೆಯ, ಅಂದರೆ ಐಆರ್‌ಎಸ್‌ನ, ವೆಬ್‌ಸೈಟಿನಲ್ಲಿ ಇದೆಯೇ ಅಂತಲೂ ನೋಡಿಕೊಂಡೆ.

ಈಗ ತೆರಿಗೆಯ ವಿಷಯ. ಸ್ನೇಹಿತರೆಲ್ಲ "ಒಳ್ಳೆ ಬೆಲೆ ಬರೆದುಕೋ" ಅಂದರು. ಆ ಕಾಲ ಹೋಯಿತು. 2005ರಿಂದ ನಿಯಮ ಬಿಗಿ. ತೆರಿಗೆ ಕಟ್ಟುವ ಆದಾಯದಿಂದ ಈ ದಾನಕ್ಕೆಂದು 500 ಡಾಲರ್‌ಗಿಂತ ಹೆಚ್ಚು ಕಳೆಯಬೇಕೆಂದರೆ, ಸಂಸ್ಥೆ ಗಾಡಿಯನ್ನು ಎಷ್ಟಕ್ಕೆ ಮಾರಿತೋ ಸಾಮಾನ್ಯವಾಗಿ ಅಷ್ಟೇ ಲೆಕ್ಕ. ಸಂಸ್ಥೆಯೇ ಗಾಡಿಯನ್ನು ಚೆನ್ನಾಗಿ ಬಳಸಿದರೆ, ಇಲ್ಲವೇ ಬಡವರಿಗೆ ತೀರಾ ಕಡಿಮೆ ಬೆಲೆಗೆ ಕೊಟ್ಟರೆ ಮಾರುಕಟ್ಟೆಯ ಬೆಲೆ ಹಿಡಿಯಬಹುದು. ಎರಡು ಸೀಟಿನ ಗಾಡಿಗೆ ಆ ಬಾಗಿಲು ಆಗಲೇ ಮುಚ್ಚಿತ್ತಲ್ಲ! ನಾನಂತೂ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಇಂಥ ದಾನಗಳ ಲೆಕ್ಕ ಬೇರೆ ತೋರಿಸದೆ ನಿಗದಿಯಾದ ಒಂದು ಮೊತ್ತವನ್ನು ಕಳೆಯುವ ದಾರಿ, ಹಿಡಿಯುವವನು. ನನಗೆ ಸಿಕ್ಕಿದ್ದು ಸೊನ್ನೆ.

ಇದರಿಂದ ಒಂದು ಅನುಕೂಲವೂ ಆಯಿತು. ತೆರಿಗೆಗೆಂದು ಕೊಡುವವರು ಡಿಸೆಂಬರ್ 31ರ ಒಳಗೆ ಓಡುತ್ತಾರೆ. ಚಳಿಯಲ್ಲಿ ಕನ್ವರ್ಟಿಬಲ್ ಯಾರಿಗೆ ಬೇಕು? ನನಗೆ ಆ ಅವಸರ ಇರಲಿಲ್ಲ. ಸುಮ್ನೆ ಏಪ್ರಿಲ್‌ವರೆಗೆ ಕಾದೆ. ಬಿಸಿಲು ಬಂದರೆ ಟಾಪ್ ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಇಲ್ಲಿ ಹಲ್ಲು ಎಣಿಸಿ ಕೊಟ್ಟವನು ನಾನೇ. ಟಾಪಿನ ಎಡ ಮೂಲೆ ಹರಿದಿದೆ. ಸೀಟಿನ ಹಿಂದೆ ನೀರು ಹರಿದುಹೋಗುವ ತೂತುಗಳು ಎಲೆ ಕಸದಿಂದ ಕಟ್ಟಿಕೊಂಡಿದ್ದವು. ನೀರು ಒಳಗೇ ನಿಂತು ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದಿದೆ. ಎಲ್ಲ ಬರೆದುಕೊಟ್ಟೆ.

ಇಗೋ, ಟ್ರಕ್ ಬಂತು. ಗಾಡಿ ಸ್ಟಾರ್ಟ್ ಆಗಲಿಲ್ಲ. ಡ್ರೈವರ್ ಬಾನೆಟ್ ಎತ್ತಿ ಬ್ಯಾಟರಿ ಹುಡುಕುತ್ತಿದ್ದಾನೆ, ನೋಡಿ. ಡಿಕ್ಕಿಯಲ್ಲಿದೆ ಮಾರಾಯ! ನಾನು ನಂಬರ್ ಪ್ಲೇಟ್ ಬಿಚ್ಚಿಕೊಂಡೆ, ಟೈಟಲ್‌ಗೆ, ಅಂದರೆ ಗಾಡಿಯ ಮಾಲೀಕತ್ವದ ಪತ್ರಕ್ಕೆ, ಸಹಿ ಹಾಕಿದೆ. ಗಾಡಿ ಕೈ ಬದಲಾಗಿದೆ ಅಂತ ಸಾರಿಗೆ ಇಲಾಖೆಗೆ ಅವತ್ತೇ ತಿಳಿಸಿದೆ. ಇನ್ಶೂರೆನ್ಸ್ ನಿಲ್ಲಿಸಿದ್ದು ಅದಾದ ಮೇಲೆ. ಈ ಕ್ರಮ ತಪ್ಪಬೇಡಿ. ನಿಮ್ಮ ಹೆಸರಲ್ಲೇ ಉಳಿದ ಗಾಡಿಗೆ ನಾಳೆ ಯಾರೋ ದಂಡ ಹಾಕಿಸಿಕೊಂಡರೆ ನೋಟೀಸು ಬರುವುದು ನಿಮ್ಮ ಮನೆಗೆ.

ಕೊನೆಗೆ ಸ್ಟೀರಿಂಗ್ ಮೇಲೆ ಒಂದು ಚೀಟಿ ಅಂಟಿಸಿದೆ. ಇದರ ಹಿಂದಿನ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್. ಹಾಗೇ ಮಡಚಿದರೆ ಸೀಳುತ್ತದೆ. "ಟಾಪ್ ಇಳಿಸುವ ಮುಂಚೆ ಹಿಂದಿನ ಜಿಪ್ ಬಿಚ್ಚಿ" ಅಂತ ದೊಡ್ಡದಾಗಿ ಬರೆದಿದ್ದೆ.

ಮೊನ್ನೆ ಬಂದ ಕಾಗದದಲ್ಲಿ ಮಾರಿದ ತಾರೀಖು ಇದೆ, ಮೊತ್ತ ಇದೆ, 3,100 ಡಾಲರ್. ಕೊಂಡವರು ಯಾರು ಅಂತ ಇಲ್ಲ. ಚೀಟಿ ಓದಿದರೋ ಇಲ್ಲವೋ.