ಮುಳ್ಳಿಗೆ ಬಣ್ಣ ತುಂಬಿದ ಅಜ್ಜಿ: ಆಲಿಸ್ ಬ್ಲೂ ಲೆಗ್ಸ್

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡ್ತಿರೋದು ಅಮೆರಿಕದ ಸೌತ್ ಡಕೋಟಾ. ರ‍್ಯಾಪಿಡ್ ಸಿಟಿಯಿಂದ ಕಾರಲ್ಲಿ ಸುಮಾರು ಎರಡು ಗಂಟೆ ಬಂದರೆ ಪೈನ್ ರಿಡ್ಜ್, ಓಗ್ಲಾಲಾ ಲಕೋಟಾ ಅನ್ನೋ ಮೂಲನಿವಾಸಿ ಜನರ ಮೀಸಲು ಪ್ರದೇಶ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಅಲ್ಲಲ್ಲಿ ಪೈನ್ ಮರಗಳ ದಿಣ್ಣೆ. ಇಲ್ಲಿನ ಗ್ರಾಸ್ ಕ್ರೀಕ್ ಅನ್ನೋ ಪುಟ್ಟ ಊರಿನ ಒಬ್ಬ ಅಜ್ಜಿ ಬಗ್ಗೆ ಇವತ್ತು ಮಾತಾಡ್ತೀನಿ. ಹೆಸರು ಆಲಿಸ್ ನ್ಯೂ ಹೋಲಿ ಬ್ಲೂ ಲೆಗ್ಸ್. 1925ರಲ್ಲಿ ಹುಟ್ಟಿದವರು, 2003ರಲ್ಲಿ ತೀರಿಕೊಂಡರು. ಹೆಸರನ್ನ ಪೂರ್ತಿಯಾಗಿ ಹೇಳಿದ್ದಕ್ಕೆ ಕಾರಣ ಇದೆ, ಮುಂದೆ ಗೊತ್ತಾಗುತ್ತೆ.

ಆಲಿಸ್ ಮಾಡ್ತಿದ್ದಿದ್ದು ಮುಳ್ಳುಹಂದಿಯ ಮುಳ್ಳಿನ ಕಸೂತಿ. ನಮ್ಮ ಕಡೆ ಕಾಡಂಚಿನಲ್ಲಿ ಸಿಗೋ ಕಪ್ಪುಬಿಳುಪಿನ ಉದ್ದನೆ ಮುಳ್ಳನ್ನ ನೆನಪಿಸಿಕೊಳ್ಳಬೇಡಿ. ಅಮೆರಿಕದ ಮುಳ್ಳುಹಂದಿ ಬೇರೆ ಜಾತಿ, ಮರ ಹತ್ತೋ ಪ್ರಾಣಿ. ಅದರ ಮುಳ್ಳು ಸಣ್ಣದು, ಒಳಗೆ ಟೊಳ್ಳು, ಮೈ ಬಿಳಿ, ತುದಿ ಮಾತ್ರ ಕಪ್ಪು. ಆ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ವೆ, ಚುಚ್ಚಿದರೆ ಒಳಗೇ ಇಳೀತಾ ಹೋಗುತ್ತೆ. ಒಂದು ಪ್ರಾಣಿಯ ಮೈಮೇಲೆ ಸುಮಾರು 30,000 ಮುಳ್ಳು.

ಈ ಕೆಲಸ ಹೇಗೆ ನಡೆಯುತ್ತೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನಗೆ ಮೈ ಜುಮ್ಮೆನಿಸಿದ್ದು ಇದೇ. ಮೊದಲು ಮುಳ್ಳು ಕೀಳಬೇಕು, ಜಿಡ್ಡು ಹೋಗೋ ಹಾಗೆ ತೊಳೀಬೇಕು, ಆಮೇಲೆ ಗಾತ್ರ ನೋಡಿ ಬೇರೆ ಬೇರೆ ಮಾಡಬೇಕು. ಬಾಲದ್ದು ದಪ್ಪ, ಹೊಟ್ಟೆ ಕಡೆಯದು ಕೂದಲಿನಷ್ಟು ನವಿರು. ಹಿಂದಿನ ಕಾಲದಲ್ಲಿ ಬೈಸನ್ ಕೋಣದ ಮೂತ್ರಕೋಶವನ್ನ ಒಣಗಿಸಿ ಚೀಲ ಮಾಡಿ, ಅದರಲ್ಲಿ ಮುಳ್ಳುಗಳನ್ನ ತುಂಬಿಡ್ತಿದ್ದರು. ಬಣ್ಣ ಬರ್ತಿದ್ದಿದ್ದು ಸುತ್ತಲಿನ ಗಿಡಗಳಿಂದ: ಬಫಲೋ ಬೆರ‍್ರಿ ಹಣ್ಣಿನಿಂದ ಕೆಂಪು, ಕಾಡು ಸೂರ್ಯಕಾಂತಿಯಂಥ ಹೂಗಳ ದಳದಿಂದ ಹಳದಿ, ಕಾಡುದ್ರಾಕ್ಷಿಯಿಂದ ಕಪ್ಪು.

ಆಮೇಲೆ ಬಾಯಿ. ಹೌದು, ಬಾಯಿ. ಒಣ ಮುಳ್ಳು ಬಗ್ಗಲ್ಲ, ಮುರಿಯುತ್ತೆ. ಅದಕ್ಕೆ ಒಂದಷ್ಟನ್ನ ದವಡೆಯಲ್ಲಿಟ್ಟು, ಚೂಪು ತುದಿಗಳು ತುಟಿಯಿಂದ ಹೊರಗೆ ಇರೋ ಹಾಗೆ ನೋಡಿಕೊಂಡು, ಎಂಜಲಲ್ಲಿ ನೆನೆಸ್ತಾರೆ. ಮೆತ್ತಗಾದ ಮೇಲೆ ಒಂದೊಂದನ್ನೇ ಹಲ್ಲಿನ ನಡುವೆ ಎಳೆದು ಚಪ್ಪಟೆ ಮಾಡ್ತಾರೆ. ಹೊಲಿಯೋ ದಾರ ಪ್ರಾಣಿಯ ಬೆನ್ನಿನ ಸ್ನಾಯುರಜ್ಜುವನ್ನ ಎಳೆ ಎಳೆಯಾಗಿ ಸೀಳಿದ್ದು. ದಬ್ಬಳದಿಂದ ತೊಗಲಿಗೆ ತೂತು ಮಾಡುವಾಗ ಅದು ಆಚೆಗೆ ಹೋಗಬಾರದು, ತೊಗಲಿನ ಅರ್ಧ ದಪ್ಪದಲ್ಲೇ ನುಸುಳಿ ಈಚೆ ಬರಬೇಕು. ಹಾಗಾಗಿ ಒಳ್ಳೆ ಕೈಯ ಕೆಲಸವನ್ನ ತಿರುಗಿಸಿ ನೋಡಿದರೆ ಹಿಂದೆ ಒಂದು ಹೊಲಿಗೆಯೂ ಕಾಣಲ್ಲ. ಮುಂದೆ ಮಾತ್ರ ಮುಳ್ಳುಗಳು ದಾರದ ಮೇಲಿಂದ ಮಡಚಿಕೊಂಡು, ಒಂದರ ಪಕ್ಕ ಒಂದು ಹೊಳೀತಾ ಕೂತಿರುತ್ವೆ.

ಇದನ್ನ ಕಲಿಸಿಕೊಟ್ಟವಳು ಕನಸಲ್ಲಿ ಬಂದ ‘ಜೋಡಿ ಹೆಣ್ಣು’ (ಡಬಲ್ ವುಮನ್) ಅನ್ನೋ ದೈವಶಕ್ತಿ ಅಂತ ಲಕೋಟಾ ಜನ ನಂಬ್ತಾರೆ. ಅವಳನ್ನ ಕನಸಲ್ಲಿ ಕಂಡ ಹುಡುಗಿಯೊಬ್ಬಳು ತನಗೆ ಅಂತಲೇ ಒಂದು ಟೀಪಿ, ಅಂದರೆ ಗುಡಾರ, ಕೇಳಿ, ಒಳಗೆ ಒಂಟಿಯಾಗಿ ಕೂತು ಕೆಲಸ ಮಾಡಿ, ಆಮೇಲೆ ಬೇರೆ ಹೆಂಗಸರಿಗೆ ಕಲಿಸಿದಳಂತೆ. ಅಂದರೆ ಇದು ಬೇಜಾರು ಕಳೆಯೋಕೆ ಮಾಡೋ ಕಸುಬಾಗಿರಲಿಲ್ಲ. ಕೂಸಿನ ತೊಟ್ಟಿಲ ಹೊದಿಕೆ, ಮೊಕಾಸಿನ್ ಚಪ್ಪಲಿ, ಪವಿತ್ರ ಚಿಲುಮೆ ಇಡೋ ಚೀಲ, ಎಲ್ಲದಕ್ಕೂ ಈ ಕೆಲಸ ಬೇಕಿತ್ತು.

ಹಾಗಿದ್ದ ಮೇಲೆ ಆಲಿಸ್ ಹುಟ್ಟೋ ಹೊತ್ತಿಗೆ ಇದು ಕೆಲವೇ ಕೈಗಳಲ್ಲಿ ಉಳಿಯೋ ಹಾಗೆ ಯಾಕಾಯ್ತು? ವ್ಯಾಪಾರಿಗಳು ತಂದ ಗಾಜಿನ ಮಣಿ ಒಂದು ಕಾರಣ. ಮಣಿಯನ್ನ ನೆನೆಸಬೇಕಿಲ್ಲ, ಬಣ್ಣ ಹಾಕಬೇಕಿಲ್ಲ. ಆದರೆ ಅದೊಂದನ್ನೇ ಹೇಳಿ ಸುಮ್ಮನಾಗೋದು ಅನ್ಯಾಯ. ಬೈಸನ್ ಹಿಂಡುಗಳನ್ನ ಕೊಂದು ಮುಗಿಸಿದರು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿ ಶಾಲೆ ಶುರುವಾಯ್ತು, ಅಲ್ಲಿಗೆ ಹೋದ ಮೊದಲ ತಂಡದಲ್ಲೇ ಲಕೋಟಾ ಮಕ್ಕಳಿದ್ದರು. ಅಲ್ಲಿ ಕೂದಲು ಕತ್ತರಿಸಿದರು, ತಮ್ಮ ಸ್ವಂತ ಭಾಷೆ ಮಾತಾಡೋ ಹಾಗಿರಲಿಲ್ಲ. 1883ರ ಸರ್ಕಾರಿ ನಿಯಮಗಳು ಸೂರ್ಯನೃತ್ಯದಂಥ ಆಚರಣೆಗಳನ್ನೇ ಅಪರಾಧ ಅಂದವು. ಉಡುಪು ತೊಟ್ಟು ಸೇರೋ ಸಂದರ್ಭವೇ ಇಲ್ಲ ಅಂದ ಮೇಲೆ ಆ ಉಡುಪನ್ನ ಯಾರು ಹೊಲೀತಾರೆ? 1890ರಲ್ಲಿ ಇದೇ ಪೈನ್ ರಿಡ್ಜ್‌ನ ವುಂಡೆಡ್ ನೀ ಹತ್ತಿರ ಹೆಂಗಸರು ಮಕ್ಕಳು ಅನ್ನದೆ ನೂರಾರು ಲಕೋಟಾ ಜನರನ್ನ ಸೈನಿಕರು ಕೊಂದರು. ಆಲಿಸ್ ಹುಟ್ಟೋಕೆ ಬರೀ 35 ವರ್ಷ ಮುಂಚೆ. ಅವರ ಬಾಲ್ಯದಲ್ಲಿ ಸುತ್ತಲಿದ್ದ ಹಿರಿಯರಿಗೆಲ್ಲ ಅದು ಚರಿತ್ರೆ ಅಲ್ಲ, ಸ್ವಂತ ನೆನಪು.

ಆ ದಿನಗಳಲ್ಲೂ ಆಲಿಸ್ ಅವರ ಅಜ್ಜಿಯ ಕೈಯಲ್ಲಿ ಈ ಕೆಲಸ ಉಳಿದಿತ್ತು. ನೋಡಿದ್ದು ಅಲ್ಲಿ. ದೊಡ್ಡವರಾದ ಮೇಲೆ ಅದನ್ನೇ ಬದುಕು ಮಾಡಿಕೊಂಡರು, ಹೆಣ್ಣುಮಕ್ಕಳಿಗೆ ಕಲಿಸಿದರು. ಲಕೋಟಾದಲ್ಲಿ ಅಜ್ಜಿಗೆ ಉಂಚಿ ಅಂತಾರೆ. ಒಬ್ಬ ಉಂಚಿಯಿಂದ ಇನ್ನೊಬ್ಬ ಉಂಚಿಗೆ ಬಂತು ನೋಡಿ. ನಡುವೆ ಶಾಲೆ ಇಲ್ಲ, ಪಠ್ಯ ಇಲ್ಲ. 1985ರಲ್ಲಿ ಅವರಿಗೆ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ಜನಪದ ಮತ್ತು ಸಾಂಪ್ರದಾಯಿಕ ಕಲೆಗಳಿಗೆ ಅಮೆರಿಕ ಕೊಡೋ ಅತಿ ದೊಡ್ಡ ಗೌರವ ಅದು.

ಈಗ ಹೆಸರಿನ ವಿಷಯ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಹಳೇ ಲಕೋಟಾ ಅಂಗಿ, ಚೀಲಗಳ ಪಕ್ಕದ ಚೀಟಿ ಓದಿ. ತೊಟ್ಟಿದ್ದ ನಾಯಕನ ಹೆಸರು ಇರಬಹುದು, ಕೊಂಡೊಯ್ದ ಅಧಿಕಾರಿಯ ಹೆಸರು ಇರಬಹುದು. ಹಲ್ಲಲ್ಲಿ ಎಳೆದು ಹೊಲಿದ ಹೆಂಗಸಿನ ಹೆಸರು ಬಹುತೇಕ ಇರಲ್ಲ. ನನಗೆ ಇದು ತುಂಬ ನೋವು ಕೊಡುತ್ತೆ. ಯಾಕಂದ್ರೆ ಅವರ ಊರಲ್ಲಿ ಅವರು ಹೆಸರಿಲ್ಲದವರಲ್ಲ. ಹೆಂಗಸರು ತಾವು ಹದ ಮಾಡಿದ ತೊಗಲು, ಮುಗಿಸಿದ ಕೆಲಸದ ಲೆಕ್ಕ ಇಡ್ತಿದ್ದರು. ತೊಗಲು ಹೆರೆಯೋ ಕೊಂಬಿನ ಹಿಡಿಯ ಮೇಲೆ ಸಾಲು ಸಾಲು ಚುಕ್ಕೆ ಕೊರೀತಿದ್ದರು. ಗಂಡಸರು ಯುದ್ಧದ ಪರಾಕ್ರಮ ಎಣಿಸಿದ ಹಾಗೇ ಇವರದ್ದೂ ಎಣಿಕೆ. ಆ ಹಿಡಿ ಮ್ಯೂಸಿಯಂಗೆ ಬಂತು, ಚುಕ್ಕೆಗಳೂ ಬಂದವು, ಹೆಸರನ್ನ ಮಾತ್ರ ಕೇಳಿ ಬರೆದುಕೊಂಡವರು ಕಡಿಮೆ. ಆಲಿಸ್ ಬ್ಲೂ ಲೆಗ್ಸ್ ಅನ್ನೋ ಹೆಸರು ದಾಖಲೆಯಲ್ಲಿ ನಿಂತಿದೆ ಅನ್ನೋದಕ್ಕೆ ನನಗೆ ಇಷ್ಟು ಸಂತೋಷ ಆಗೋದು ಅದಕ್ಕೇ.

ನೀವು ಈ ಕಡೆ ಬಂದರೆ, ಎಲ್ಲರೂ ಮೌಂಟ್ ರಶ್ಮೋರ್ ನೋಡಿ ವಾಪಸ್ ಹೋಗ್ತಾರೆ, ಒಂದು ಮಧ್ಯಾಹ್ನ ರ‍್ಯಾಪಿಡ್ ಸಿಟಿಯ ಜರ್ನಿ ಮ್ಯೂಸಿಯಂಗೆ ಇಡಿ. ಅದರೊಳಗೇ ಸೂ ಇಂಡಿಯನ್ ಮ್ಯೂಸಿಯಂ ಇದೆ (ಲಕೋಟಾ ಜನರನ್ನ ಹೊರಗಿನವರು ‘ಸೂ’ ಅಂತಲೂ ಕರೀತಾರೆ). ಗಾಜಿಗೆ ಮುಖ ಹತ್ತಿರ ತಂದು ನೋಡಿ, ದೂರದಿಂದ ಬಣ್ಣದ ಪಟ್ಟಿ ಅನ್ನಿಸಿದ್ದು ಹತ್ತಿರ ಬಂದಾಗ ಒಂದೊಂದೇ ಮುಳ್ಳಾಗುತ್ತೆ. ಮನೆಗೆ ಏನಾದರೂ ತಗೊಂಡು ಹೋಗೋದಾದರೆ ರಸ್ತೆ ಬದಿಯ ಅಗ್ಗದ ನಕಲು ಬೇಡ. ಮೂಲನಿವಾಸಿಗಳು ಮಾಡದೇ ಇರೋದನ್ನ ಅವರ ಕೆಲಸ ಅಂತ ಮಾರೋದು 1990ರ ಕಾಯ್ದೆ ಪ್ರಕಾರ ಅಪರಾಧ. ಮಾಡಿದವರ ಹತ್ತಿರಾನೇ ಕೊಳ್ಳಿ. ಬೆಲೆ ಜಾಸ್ತಿ ಅನ್ನಿಸಬಹುದು, ಚೌಕಾಸಿ ಮಾಡಬೇಡಿ. ಯಾರಿಂದ ಕಲಿತಿರಿ ಅಂತ ಕೇಳಿ, ಅವರು ಹೇಳೋ ಹೆಸರನ್ನ ಬರ್ಕೊಳ್ಳಿ.