ಕೈಗಿಂತ ಮೊದಲು ಕಣ್ಣು

ಕೇಳುಗರಿಗೆ ನಮಸ್ಕಾರ. ಶಾಲೆಯಲ್ಲಿ ಕಲಾ ಶಿಕ್ಷಣದ ಸ್ಥಾನದ ಬಗ್ಗೆ ಮಾತನಾಡಿ ಎಂದಿದ್ದಾರೆ. ಆ ಸ್ಥಾನ ಎಲ್ಲಿದೆ ಎಂದು ತಿಳಿಯಲು ವೇಳಾಪಟ್ಟಿ ನೋಡಿದರೆ ಸಾಕು: ವಾರದ ಕಟ್ಟಕಡೆಯ ಪಿರಿಯಡ್. ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತದ ಮೇಷ್ಟರ ಪಾಲು. ಮೂವತ್ತು ವರ್ಷ ಚಿತ್ರಕಲೆ ಕಲಿಸಿದವನು ನಾನು. ಲೆಕ್ಕ ಇಟ್ಟಿದ್ದರೆ ಗಣಿತದವರು ನನ್ನ ಸಾಲವನ್ನು ಇನ್ನೂ ತೀರಿಸುತ್ತಿರಬೇಕಿತ್ತು.

ನಾನು ಹೇಳುವುದು ಒಂದೇ ಮಾತು. ಚಿತ್ರ ಬರೆಯುವಾಗ ಕೈಗಿಂತ ಮೊದಲು ಪಳಗುವುದು ಕಣ್ಣು.

ಎಲೆ ಬರೆಯಿರಿ ಎನ್ನಿ, ತರಗತಿಯ ಅಷ್ಟೂ ಮಕ್ಕಳು ಒಂದೇ ಎಲೆ ಬರೆಯುತ್ತಾರೆ: ಬಾಗಿದ ಎರಡು ಗೆರೆ, ನಡುವೆ ಕಡ್ಡಿ, ಅಕ್ಕಪಕ್ಕ ಮೀನಿನ ಮುಳ್ಳಿನಂತೆ ನರಗಳು. ಈಗ ಒಬ್ಬೊಬ್ಬರ ಕೈಗೂ ನಿಜವಾದ ಎಲೆ ಕೊಡಿ. ಹತ್ತು ನಿಮಿಷ ಸದ್ದಿಲ್ಲ. ಒಮ್ಮೆ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಸರ್, ಈ ನರ ಅಂಚಿನವರೆಗೆ ಹೋಗುವುದೇ ಇಲ್ಲ. ಬಾಗಿ ಪಕ್ಕದ ನರಕ್ಕೆ ಸೇರಿಕೊಂಡಿದೆಯಲ್ಲ?" ಎಲೆಯನ್ನು ಅವಳು ಕಂಡದ್ದು ಹುಟ್ಟಿದಂದಿನಿಂದ, ನೋಡಿದ್ದು ಆವತ್ತು.

ಇನ್ನೊಬ್ಬ ಹುಡುಗನ ಕಥೆ ಹೇಳುತ್ತೇನೆ. ನನಗೆ ಬಹಳ ಪ್ರಿಯವಾದ ಕಥೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಸ್ಪೇನಿನಲ್ಲಿ 1852ರಲ್ಲಿ ಹುಟ್ಟಿದ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್. ಸಿಕ್ಕ ಗೋಡೆಯ ಮೇಲೆಲ್ಲ ಚಿತ್ರ. ತಂದೆ ವೈದ್ಯ, ಮಗನೂ ವೈದ್ಯನಾಗಬೇಕು. ಚರ್ಚಿನ ಗೋಡೆಗೆ ಬಣ್ಣ ಬಳಿಯಲು ಬಂದಿದ್ದವನ ಮುಂದೆ ಆ ತಂದೆ ಮಗನ ಚಿತ್ರ ಹಿಡಿದ. ಇವನಿಗೆ ಕಲೆ ಒಲಿಯದು ಎಂದು ಅವನು ಹೇಳಿಬಿಟ್ಟ. ಗೋಡೆ ಬಳಿಯುವವನ ತೀರ್ಪು ನೋಡಿ! ಹುಡುಗ ಕ್ಷೌರದಂಗಡಿಗೂ ಆಮೇಲೆ ಬೂಟು ಹೊಲಿಯುವವನ ಹತ್ತಿರವೂ ಕೆಲಸಕ್ಕೆ ಹೋಗಬೇಕಾಯಿತು. ಮುಂದೆ ಶರೀರಶಾಸ್ತ್ರ ಕಲಿಸಲೆಂದು ಅದೇ ತಂದೆ ಸ್ಮಶಾನದ ಮೂಳೆಗಳನ್ನು ಮಗನ ಮುಂದಿಟ್ಟ. ಮಗ ಪೆನ್ಸಿಲ್ ತೆಗೆದ. ಒಂದೊಂದು ಉಬ್ಬು, ಒಂದೊಂದು ತೂತು ಕಾಗದಕ್ಕೆ ಇಳಿಯಿತು. ತಂದೆ ಕರಗಿಹೋದ.

ಆ ಕಣ್ಣು ಮುಂದೆ ಸೂಕ್ಷ್ಮದರ್ಶಕಕ್ಕೆ ತಗುಲಿತು. ಮಿದುಳಿನ ಕೋಶಗಳು ಕಾಣುವಂತೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ವಿಧಾನ ಇಟಲಿಯ ವೈದ್ಯವಿಜ್ಞಾನಿ ಗಾಲ್ಜಿಯದು, 1873ರದು. ಗಾಲ್ಜಿಗೆ ಕಂಡದ್ದು ಎಲ್ಲವೂ ಹೆಣೆದುಕೊಂಡ ಒಂದೇ ಬಲೆ. ಅದೇ ವಿಧಾನವನ್ನು ತಿದ್ದಿಕೊಂಡು, ನೋಡಿ ನೋಡಿ ಬರೆದ ಕಹಾಲ್, 1888ರಲ್ಲಿ, ಇಲ್ಲ, ಪ್ರತಿ ಕೋಶವೂ ಬೇರೆ ಎಂದ. 1906ರಲ್ಲಿ ನೊಬೆಲ್ ಇಬ್ಬರಿಗೂ ಸೇರಿ ಬಂತು. ಗಾಲ್ಜಿ ನೊಬೆಲ್ ಭಾಷಣದಲ್ಲೂ ಒಪ್ಪಲಿಲ್ಲ! ಗೆದ್ದದ್ದು ಕಹಾಲ್. ಕೈಗಿಂತ ಮೊದಲು ಪಳಗಿದ್ದ ಕಣ್ಣು.

ಸಂಗೀತ, ನಾಟಕಗಳಿಗೆಂದು ಎರಡು ಪುಟ ಬರೆದುಕೊಂಡು ಬಂದಿದ್ದೆ. ಆ ಹೊತ್ತನ್ನೆಲ್ಲ ಕಹಾಲ್ ಮಹಾಶಯ ನುಂಗಿಬಿಟ್ಟ. ಸ್ಟುಡಿಯೋದ ಗಾಜಿನಾಚೆಯಿಂದ, ಇನ್ನು ಒಂದೇ ನಿಮಿಷ ಎಂದು ಬೆರಳು ತೋರಿಸುತ್ತಿದ್ದಾರೆ. ಸಂಗೀತ ಕಿವಿಯನ್ನು ಪಳಗಿಸುತ್ತದೆ, ನಾಟಕ ಇನ್ನೊಬ್ಬನ ಜಾಗದಲ್ಲಿ ನಿಲ್ಲಿಸುತ್ತದೆ. ಇಷ್ಟರಲ್ಲೇ ತಿಳಿದುಕೊಳ್ಳಿ.

ಶಿಕ್ಷಕರೇ, ಕಪ್ಪು ಹಲಗೆಯ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ ಬರೆದು ನಕಲು ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ತಂದೆತಾಯಿಯರೇ, ಇದು ಕಾಗೆಯೋ ಗುಬ್ಬಿಯೋ ಎಂದು ನಗಬೇಡಿ. ಏನೇನು ನೋಡಿದೆ ಎಂದು ಕೇಳಿ. ಮುಖ್ಯೋಪಾಧ್ಯಾಯರೇ, ಪರೀಕ್ಷೆಯ ವಾರ ಗಣಿತದ ಮೇಷ್ಟರು ಪಿರಿಯಡ್ ಕೇಳಿಕೊಂಡು ಬಂದರೆ, ಅವರ ಕೈಗೂ ಒಂದು ಎಲೆ, ಒಂದು ಪೆನ್ಸಿಲ್ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿ. ನಮಸ್ಕಾರ.